ಆಡ್ಸ್ ನಿಜಕ್ಕೂ ಇಳಿಯಿತೇ? ರೇಸ್ ಟ್ರ್ಯಾಕರ್ ಕಟ್ಟುವ ಬಗೆ

[ತೆರೆ: ಶಿವಮೊಗ್ಗ ಅಡಿಕೆ ಮಾರುಕಟ್ಟೆಯ ದರಪಟ್ಟಿ. ಸರಕು, ಬೆಟ್ಟೆ, ರಾಶಿ, ಗೊರಬಲು.]

ನಮಸ್ಕಾರ. ಈ ಪಟ್ಟಿ ಓದೋದನ್ನ ಶಿವಮೊಗ್ಗದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಗರಿಷ್ಠ ದರ ಏರಿತು ಅಂದ ಕೂಡಲೇ ಯಾರೂ ಮಂಡಿಗೆ ಗಾಡಿ ಹೊಡೆಯಲ್ಲ. ಆ ದರ ಎಷ್ಟು ಚೀಲಕ್ಕೆ ಸಿಕ್ಕಿತು ಅಂತ ಮೊದಲು ಕೇಳ್ತೀವಿ. ಕುದುರೆ ರೇಸಿನಲ್ಲಿ ಆಡ್ಸ್ ಅಂದ್ರೆ ಒಂದು ರೂಪಾಯಿ ಕಟ್ಟಿ ಗೆದ್ದರೆ ಒಟ್ಟು ಎಷ್ಟು ಕೈಗೆ ಬರುತ್ತೆ ಅನ್ನೋ ದರ. ಅದನ್ನ ಹಿಂಬಾಲಿಸೋ ಟ್ರ್ಯಾಕರ್‌ಗೂ ಇದೇ ಪ್ರಶ್ನೆ ಕೇಳೋದನ್ನ ಕಲಿಸಬೇಕು. ಇವತ್ತಿನ ಕೆಲಸ ಅದು.

ಶುರುವಿಗೆ ಮುಂಚೆ ಒಂದು ಮಾತು. ಕುದುರೆ ರೇಸ್ ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದೆ, ನಿಜ. ಆದರೆ 2025ರ ಕೇಂದ್ರ ಕಾಯ್ದೆ ಆನ್‌ಲೈನ್‌ನಲ್ಲಿ ಹಣ ಕಟ್ಟಿ ಆಡೋ ಆಟಗಳನ್ನ ನಡೆಸೋದನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿದೆ. ನಾವು ಕಟ್ತಿರೋದು ಮುಗಿದುಹೋದ ರೇಸ್‌ಗಳ ದತ್ತಾಂಶ ಓದೋ ಸಾಧನ. ಬೆಟ್ಟಿಂಗ್‌ಗೆ ದಾರಿ ತೋರಿಸೋ ವಿಡಿಯೋ ಇದಲ್ಲ.

[ತೆರೆ: ಕಡತದ ಒಂದು ಸಾಲು, ದೊಡ್ಡದಾಗಿ.]

ಮಾದರಿಗೆ, ಜನ ತಮ್ಮತಮ್ಮಲ್ಲೇ ಬಾಜಿ ಕಟ್ಟೋ ಬ್ರಿಟನ್ನಿನ ಬೆಟ್‌ಫೇರ್ ಎಕ್ಸ್‌ಚೇಂಜ್‌ನ ಹಳೆಯ ದತ್ತಾಂಶದ ಕಡತ ನೋಡಿ. ಒಂದೊಂದು ಸಾಲೂ ಒಂದು ಜೇಸನ್, ಅಂದ್ರೆ ಹೆಸರು ಮತ್ತು ಅದರ ಬೆಲೆ ಜೋಡಿಯಾಗಿರೋ ಪಠ್ಯ. ‘ಪಿಟಿ’ ಅನ್ನೋದು ಸಮಯ, ‘ಎಲ್‌ಟಿಪಿ’ ಅನ್ನೋದು ಕೊನೆಯ ವ್ಯವಹಾರ ಕುದುರಿದ ದರ, ಅಂದ್ರೆ ಆಡ್ಸ್. ಸಮಯ ಮಿಲಿಸೆಕೆಂಡ್‌ನಲ್ಲಿರುತ್ತೆ, 1000ದಿಂದ ಭಾಗಿಸಿ. ಮರೆತರೆ ವರ್ಷ ಮಿತಿ ಮೀರಿದೆ ಅಂತ ನಮ್ಮ ಪೈಥಾನ್ ಸ್ಕ್ರಿಪ್ಟ್ ನಿಂತುಬಿಡುತ್ತೆ. ಉಳಿಸೋದು ಯಾವಾಗಲೂ ಯುಟಿಸಿಯಲ್ಲೇ, ಅಂದ್ರೆ ಜಗತ್ತಿಗೆಲ್ಲ ಒಂದೇ ಆದ ಸಮಯದಲ್ಲಿ. ಯಾಕಂದ್ರೆ ಜೂನ್‌ನ ರಾಯಲ್ ಆಸ್ಕಾಟ್‌ನಲ್ಲಿ ಮಧ್ಯಾಹ್ನ 2:30 ಅಂದ್ರೆ ನಮಗೆ ಸಂಜೆ 7 ಗಂಟೆ. ಮಾರ್ಚ್ ನಡುವಿನ ಚೆಲ್ಟನ್‌ಹ್ಯಾಮ್‌ನ ಅದೇ 2:30 ನಮಗೆ ರಾತ್ರಿ 8. ಬ್ರಿಟನ್ ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದಿಡುತ್ತೆ, ನಾವು ಇಡಲ್ಲ.

ಎಸ್‌ಕ್ಯೂಲೈಟ್ ಅನ್ನೋ ಪುಟ್ಟ ಡೇಟಾಬೇಸ್‌ನಲ್ಲಿ ಒಂದೇ ಕೋಷ್ಟಕ ಸಾಕು: ಸಮಯ, ರೇಸ್, ಕುದುರೆ, ಆಡ್ಸ್, ಮೊತ್ತ, ಸ್ಥಿತಿ. ಮೊತ್ತ ಅಂದ್ರೆ ಬಿದ್ದ ಹಣ, ಸ್ಥಿತಿ ಅಂದ್ರೆ ಕುದುರೆ ಇನ್ನೂ ರೇಸಿನಲ್ಲಿದೆಯೋ ಇಲ್ಲವೋ.

ಈಗ ಮುಖ್ಯ ವಿಷಯ. ಗ್ರಾಫ್‌ನಲ್ಲಿ ಆಡ್ಸ್ ಹಾಕಬೇಡಿ, ಸಂಭವನೀಯತೆ ಹಾಕಿ. 1ನ್ನ ಆಡ್ಸ್‌ನಿಂದ ಭಾಗಿಸಿದರೆ ಅದು ಬರುತ್ತೆ. 5ರಿಂದ 4ಕ್ಕೆ ಇಳಿದ ಕುದುರೆ ಶೇ 20ರಿಂದ ಶೇ 25ಕ್ಕೆ ಹೋಯಿತು, 5 ಶೇಕಡಾ ಅಂಶ. 20ರಿಂದ 16ಕ್ಕೆ ಇಳಿದದ್ದು ಶೇ 5ರಿಂದ 6.25ಕ್ಕೆ, ಬರೀ 1.25 ಅಂಶ. ಎರಡರಲ್ಲೂ ಆಡ್ಸ್ ಇಳಿದದ್ದು ಐದರಲ್ಲೊಂದು ಪಾಲು. ಆದರೆ ಕಣ್ಣಿಗೆ ಎರಡನೆಯದೇ ದೊಡ್ಡ ಕುಸಿತ. ಹೊಸಬರ ಗ್ರಾಫ್ ಎಡವೋದು ಇಲ್ಲೇ.

[ತೆರೆ: ಐದು ಕುದುರೆ. 2.5, 4, 5, 8, 10.]

ಈ ಐದರ ಸಂಭವನೀಯತೆ ಕೂಡಿಸಿ: 40, 25, 20, 12.5, 10. ಒಟ್ಟು 107.5. ನೂರರ ಮೇಲಿನ ಈ 7.5 ಅನ್ನೋದು ದರ ಇಟ್ಟವರ ಲಾಭದ ಅಂಚು, ಇಂಗ್ಲಿಷ್‌ನವರ ಓವರ್‌ರೌಂಡ್. ಪ್ರತಿಯೊಂದನ್ನೂ 107.5ರಿಂದ ಭಾಗಿಸಿ ನೂರಕ್ಕೆ ತನ್ನಿ. 40 ಇದ್ದದ್ದು 37.2 ಆಗುತ್ತೆ.

ಈಗ 5ರ ಕುದುರೆ ರೇಸಿನಿಂದ ಹಿಂದೆ ಸರಿಯಿತು ಅಂದುಕೊಳ್ಳಿ. ಉಳಿದ ನಾಲ್ಕರ ಮೊತ್ತ 87.5. ಅಂಚು ಮೊದಲಿನಷ್ಟೇ ಇರಬೇಕಾದರೆ 2.5ರ ಕುದುರೆ ಸುಮಾರು 2.03ಕ್ಕೆ ಬರಲೇಬೇಕು. ಅದರ ಮೇಲೆ ಒಂದು ಪೈಸೆ ಹೊಸದಾಗಿ ಬಿದ್ದಿಲ್ಲ! ಟ್ರ್ಯಾಕರ್ ಮಾತ್ರ ‘ಭಾರೀ ಇಳಿಕೆ’ ಅಂತ ಕೆಂಪು ದೀಪ ಹಾಕುತ್ತೆ. ಅದಕ್ಕೇ ಸ್ಥಿತಿಯ ಕಾಲಂ. ಕುದುರೆ ಹೊರಬಿದ್ದ ಕ್ಷಣದಲ್ಲಿ ಗ್ರಾಫ್‌ನಲ್ಲಿ ಮೇಲಿಂದ ಕೆಳಗೆ ಒಂದು ಗೆರೆ ಎಳೆದು ಹೋಲಿಕೆಯನ್ನ ಹೊಸದಾಗಿ ಶುರುಮಾಡಿ. ಗೆರೆಯ ಆಚೆಈಚೆಯ ದರಗಳನ್ನ ಹೋಲಿಸಲೇಬೇಡಿ.

ಇನ್ನು ಖಾಲಿ ನಿಮಿಷಗಳು. ಈ ಕಡತ ಬದಲಾದದ್ದನ್ನಷ್ಟೇ ಬರೆಯುತ್ತೆ. ಸಾಲು ಇಲ್ಲ ಅಂದ್ರೆ ದರ ಹಾಗೇ ಇದೆ ಅಂತ ಅರ್ಥ. ಹಿಂದಿನ ದರ ಮುಂದಕ್ಕೆ ಎಳೆಯಿರಿ. ಆದರೆ ಯಾವುದೋ ದರವನ್ನ ನಿಮಿಷಕ್ಕೊಮ್ಮೆ ನೀವೇ ದಾಖಲಿಸ್ತಿದ್ದು, ಆಷಾಢದ ಮಳೆಗೆ ತೀರ್ಥಹಳ್ಳಿ ಕಡೆ 20 ನಿಮಿಷ ಕರೆಂಟು ಹೋಯಿತು ಅಂದ್ರೆ? ಆ ಖಾಲಿ ಬೇರೆ. ಅಲ್ಲಿ ಎಳೆಯಬೇಡಿ, ಗೆರೆ ತುಂಡಾಗೇ ಕಾಣಲಿ. ಇವೆರಡನ್ನ ಗುರುತಿಸೋಕೆ ದರ ಬದಲಾಗದಿದ್ದರೂ ಪ್ರತಿ ನಿಮಿಷ ‘ಎಚ್ಚರವಿದ್ದೇನೆ’ ಅನ್ನೋ ಒಂದು ಸಾಲನ್ನ ಸ್ಕ್ರಿಪ್ಟ್ ಬರೆಯಬೇಕು. ಯುಪಿಎಸ್‌ನಿಂದ ಲ್ಯಾಪ್‌ಟಾಪ್ ಜೊತೆ ಮೋಡೆಮ್‌ಗೂ ಒಂದು ವೈರ್ ಎಳೆಯಿರಿ, ಅದನ್ನೇ ಎಲ್ಲರೂ ಮರೆಯೋದು.

ಚೀಲದ ಪ್ರಶ್ನೆಗೆ ಬರೋಣ, ಅಂದ್ರೆ ಆ ದರಕ್ಕೆ ಎಷ್ಟು ಹಣ ಬಿತ್ತು ಅನ್ನೋದು. ಬೆಟ್‌ಫೇರ್‌ನ ಬೇಸಿಕ್ ಕಡತದಲ್ಲಿ ನಿಮಿಷಕ್ಕೆ ಹೆಚ್ಚೆಂದರೆ ಒಂದು ದರ ಇರುತ್ತೆ, ಮೊತ್ತ ಇರಲ್ಲ. ಆಗ ಮೊತ್ತದ ಕಾಲಂ ಖಾಲಿ ಬಿಡಿ. ಸೊನ್ನೆ ತುಂಬಿದರೆ ಸುಳ್ಳು ಬರೆದಂತೆ. ಬದಲಿಗೆ ಮೂರು ನಿಮಿಷ ನಿಂತ ಬದಲಾವಣೆಯನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ದೊಡ್ಡ ಆಡ್ಸ್‌ಗಳಲ್ಲಿ ಇದು ಇನ್ನೂ ಮುಖ್ಯ: ಈ ಎಕ್ಸ್‌ಚೇಂಜ್‌ನಲ್ಲಿ 50ರ ಮೇಲಿನ ಮೆಟ್ಟಿಲೇ 55. ಒಂದೇ ಮೆಟ್ಟಿಲು ಹತ್ತಿದರೂ ಶೇ 10 ಏರಿದ ಹಾಗೆ ಕಾಣುತ್ತೆ, ಸಂಭವನೀಯತೆ ಕದಲಿದ್ದು ಮಾತ್ರ 0.2 ಅಂಶದ ಒಳಗೆ.

ರೇಸ್ ಶುರುವಾದ ಮೇಲಿನ ದರ ಓಟದ ಜೊತೆ ಓಡುತ್ತೆ. ‘ಇನ್‌ಪ್ಲೇ’ ನಿಜ ಅಂತ ಬಂದ ಸಾಲಿನಲ್ಲೇ ಗ್ರಾಫ್ ಕತ್ತರಿಸಿ.

[ತೆರೆ: ಅದೇ ಐದು ಕುದುರೆಗಳ ಗ್ರಾಫ್, ಮೇಲಿಂದ ಕೆಳಗಿನ ಗೆರೆ ಸಮೇತ.]

ಪರೀಕ್ಷೆಗೆ ಒಂದು ಕುದುರೆ ಹಿಂದೆ ಸರಿದ ರೇಸನ್ನೇ ಆರಿಸಿಕೊಳ್ಳಿ. ಗೆರೆಯ ಎರಡೂ ಬದಿ, ಆ ಹೊತ್ತಿಗೆ ರೇಸಿನಲ್ಲಿರೋ ಕುದುರೆಗಳ, ನೂರಕ್ಕೆ ತಂದ ಸಂಭವನೀಯತೆಯನ್ನ ಪ್ರತಿ ನಿಮಿಷಕ್ಕೂ ಕೂಡಿಸಿ. ಎಲ್ಲಾದರೂ ಮೊತ್ತ ನೂರಾಗದಿದ್ದರೆ, ಹೊರಬಿದ್ದ ಕುದುರೆಯ ಹಳೇ ದರವನ್ನ ನಿಮ್ಮ ಸ್ಕ್ರಿಪ್ಟ್ ಇನ್ನೂ ಮುಂದಕ್ಕೆ ಎಳೀತಾ ಇದೆಯಾ ಅಂತ ಮೊದಲು ಹುಡುಕಿ.