ಪಹಣಿಯಲ್ಲಿ ಹೆಸರಿಲ್ಲದ ರೈತರು

ಕೇಳುಗರೆಲ್ಲರಿಗೂ ನಮಸ್ಕಾರ.

ಚಳ್ಳಕೆರೆ ಕಡೆಯ ಒಂದು ಹಳ್ಳಿಯಲ್ಲಿ ನಾನು ಅಕ್ಕ ಎಂದೇ ಕರೆಯುವ ರೈತ ಮಹಿಳೆಯೊಬ್ಬರಿದ್ದಾರೆ. ಮಳೆಯನ್ನೇ ನಂಬಿದ ಮೂರು ಎಕರೆ ಹೊಲ, ಶೇಂಗಾ ಬೆಳೆ. ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ, ಕಳೆ ತೆಗೆಸುವ ಕೂಲಿ ಎಲ್ಲವೂ ಅವರದೇ ಖರ್ಚು. ಹೊಲ ಮಾತ್ರ ಅವರದಲ್ಲ. ಪಟ್ಟಣದಲ್ಲಿ ಅಂಗಡಿ ಇಟ್ಟುಕೊಂಡಿರುವ ಒಬ್ಬರಿಂದ ಬಾಯಿಮಾತಿನ ಮೇಲೆ ಗುತ್ತಿಗೆಗೆ ಪಡೆದದ್ದು. ಕಳೆದ ಸಲ ಹೋದಾಗ ಜಗುಲಿಯ ಮೇಲೆ ಶೇಂಗಾ ಗಿಡಗಳನ್ನು ರಾಶಿ ಹಾಕಿಕೊಂಡು ಕಾಯಿ ಬಿಡಿಸುತ್ತಿದ್ದರು. ಉಗುರಿನ ಸಂದಿಯಲ್ಲೆಲ್ಲ ಕೆಮ್ಮಣ್ಣು. "ಕಿಸಾನ್ ದುಡ್ಡು ಬಂತೇನಕ್ಕಾ?" ಎಂದೆ. ಕೈ ನಿಲ್ಲಿಸದೆಯೇ, "ಪಹಣಿ ಇದ್ದವರಿಗೆ ಬರುತ್ತದಪ್ಪಾ, ನಮಗೆಲ್ಲಿಯದು?" ಎಂದರು. ಪಹಣಿ ಎಂದರೆ ಜಮೀನು ಯಾರದೆಂದು ಹೇಳುವ ಸರ್ಕಾರಿ ದಾಖಲೆ.

ಕೇಂದ್ರ ಸರ್ಕಾರ ರೈತರಿಗೆ ಹಣ ನೀಡುವ ಪಿಎಂ ಕಿಸಾನ್ ಯೋಜನೆಗೆ 2019ರ ಫೆಬ್ರವರಿಯಲ್ಲಿ ಚಾಲನೆ ಸಿಕ್ಕಿತು. ವರ್ಷಕ್ಕೆ 6,000 ರೂಪಾಯಿ, 2,000ದಂತೆ ಮೂರು ಕಂತು, ನೇರವಾಗಿ ಬ್ಯಾಂಕ್ ಖಾತೆಗೆ. ಮಧ್ಯವರ್ತಿಯ ಕೈಗೆ ಒಂದು ರೂಪಾಯಿಯೂ ಸಿಗದ ಈ ವ್ಯವಸ್ಥೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಆ ಖಾತೆ ಜಮೀನಿನ ಒಡೆತನ ಇರುವವರದು. ಪಹಣಿಯಲ್ಲಿ ಒಡೆಯರ ಹೆಸರು ಬರೆಯುವ 9ನೇ ಕಾಲಂನಲ್ಲಿ ಹೆಸರಿಲ್ಲದವರು ಎಷ್ಟೇ ಬೆವರು ಹರಿಸಿದರೂ ಸರ್ಕಾರದ ಲೆಕ್ಕದಲ್ಲಿ ರೈತರಲ್ಲ.

2023ರ ಬರ ಇದನ್ನು ಇನ್ನಷ್ಟು ಕಟುವಾಗಿ ತೋರಿಸಿತು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಮಳೆಯಾಶ್ರಿತ ಬೆಳೆ ಹಾಳಾದರೆ ಹೆಕ್ಟೇರಿಗೆ 8,500 ರೂಪಾಯಿ ಪರಿಹಾರ ಎಂಬುದು ಆಗಿನ ನಿಯಮ. ಆದರೆ ಪರಿಹಾರ ಜಮೀನಿನ ದಾಖಲೆಯ ಜಾಡು ಹಿಡಿದೇ ಹೋಗುತ್ತದೆ. ಬೀಜಕ್ಕೆಂದು ಅಕ್ಕ ಮಾಡಿದ ಕೈಸಾಲ ಅವರ ತಲೆಯ ಮೇಲೆಯೇ ಉಳಿಯಿತು.

ಇದಕ್ಕೆ ಜಮೀನಿನವರನ್ನು ದೂರುವುದು ನನಗೆ ಸರಿಕಾಣುವುದಿಲ್ಲ. ಅವರ ಅಂಜಿಕೆಗೆ ಒಂದು ಚರಿತ್ರೆಯಿದೆ. 1974ರ ಮಾರ್ಚ್ 1ರಂದು ದೇವರಾಜ ಅರಸು ಸರ್ಕಾರದ ಭೂ ಸುಧಾರಣಾ ತಿದ್ದುಪಡಿ ಜಾರಿಗೆ ಬಂದಾಗ ಗೇಣಿದಾರರು, ಅಂದರೆ ಬೇರೆಯವರ ಜಮೀನನ್ನು ಗುತ್ತಿಗೆಗೆ ಉಳುತ್ತಿದ್ದವರು, ಆ ಭೂಮಿಯ ಹಕ್ಕು ಕೇಳುವ 7ನೇ ನಮೂನೆಯ ಅರ್ಜಿ ಹಿಡಿದು ಭೂ ನ್ಯಾಯಮಂಡಳಿಗಳ ಮುಂದೆ ನಿಂತರು. ಪಹಣಿಯ 12ನೇ ಕಾಲಂನಲ್ಲಿ ಸಾಗುವಳಿದಾರ ಎಂದು ಬರೆದಿದ್ದ ಹೆಸರು ಅವರಿಗೆ ದೊಡ್ಡ ಸಾಕ್ಷಿಯಾಯಿತು. ಉಳುವವನೇ ಒಡೆಯನಾದ ಆ ಕಾಲ ನಮ್ಮ ನಾಡಿನ ಹೆಮ್ಮೆ. ಅದೇ ಕಾನೂನು ಮುಂದೆ ಗೇಣಿ ಕೊಡುವುದನ್ನೇ ನಿಷೇಧಿಸಿತು. ಗೇಣಿ ನಿಲ್ಲಲಿಲ್ಲ, ಕಾಗದದಿಂದ ಮಾತ್ರ ಮರೆಯಾಯಿತು. ಬೇರೆಯವರ ಹೆಸರು ಪಹಣಿಗೆ ಸೇರಿದರೆ ಹೊಲ ಕೈಬಿಟ್ಟೀತು ಎಂದು ಒಡೆಯರು ಇಂದಿಗೂ ಹೆದರುತ್ತಾರೆ.

ಈ ಹೆದರಿಕೆಗೆ ಮದ್ದಿಲ್ಲವೆಂದಲ್ಲ. ನೆರೆಯ ಆಂಧ್ರಪ್ರದೇಶ 2019ರಲ್ಲಿ ಬೆಳೆ ಸಾಗುವಳಿದಾರರ ಹಕ್ಕಿನ ಕಾನೂನು ತಂದಿತು. ಒಡೆಯರೂ ಸಾಗುವಳಿದಾರರೂ 11 ತಿಂಗಳ ಕರಾರು ಮಾಡಿಕೊಳ್ಳಬಹುದು. ಭೂಮಿಯ ಹಕ್ಕಿಗೆ ಕುಂದಿಲ್ಲ. ಬೆಳೆಯ ಮೇಲಿನ ಸಾಲ, ವಿಮೆ, ಪರಿಹಾರಕ್ಕೆ ಮಾತ್ರ ಸಾಗುವಳಿದಾರರು ಅರ್ಹರು. ಒಡೆಯರ ಒಪ್ಪಿಗೆಯ ಸಹಿ ಬೇಕಾದ್ದರಿಂದ ಅಲ್ಲಿಯೂ ತೊಡಕುಗಳಿವೆ. ಆದರೂ ಒಡೆತನ ಬೇರೆ, ಬೇಸಾಯ ಬೇರೆ ಎಂದು ಆ ಕಾನೂನು ಒಪ್ಪಿಕೊಂಡಿತಲ್ಲ, ನನಗೆ ಅದು ಮುಖ್ಯ.

ನಮ್ಮಲ್ಲಿ ಬೆಳೆ ಸಮೀಕ್ಷೆಯ ಆ್ಯಪ್ ಇದೆ. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ನಿಂತಿದೆ ಎಂಬುದು ಫೋಟೊ ಸಮೇತ ದಾಖಲಾಗುತ್ತದೆ. ಆ ಫೋಟೊದ ಕೆಳಗೆ, ಒಡೆತನಕ್ಕೆ ಧಕ್ಕೆಯಾಗದಂತೆ, ಬೆಳೆದವರ ಹೆಸರಿಗೂ ಒಂದು ಸಾಲು ಬಿಡಬೇಕೆಂದು ಸರ್ಕಾರವನ್ನು ಕೇಳಿಕೊಳ್ಳುತ್ತೇನೆ. ಬರುವ ಮುಂಗಾರಿಗೂ ಅಕ್ಕ ಅದೇ ಮೂರು ಎಕರೆಯಲ್ಲಿ ಶೇಂಗಾ ಬಿತ್ತುತ್ತಾರೆ.

ನಮಸ್ಕಾರ.