ಬೆಳಗಲ್ಲದ ಕೆಂಪು

ಎಲ್ಲರಿಗೂ ನಮಸ್ಕಾರ. ಕವಿತೆಯಲ್ಲಿ ಬಣ್ಣ ಕಂಡ ಕೂಡಲೇ ನಮ್ಮ ಕೈಗೆ ಒಂದು ಪಟ್ಟಿ ಬಂದುಬಿಡುತ್ತದೆ. ಕೆಂಪು ಕ್ರಾಂತಿ, ಹಸಿರು ಜೀವ, ಕಪ್ಪು ಸಾವು. ಆಧುನಿಕ ಪರ್ಷಿಯನ್ ಕಾವ್ಯದ ಹತ್ತಿರ ದಯವಿಟ್ಟು ಈ ಪಟ್ಟಿ ಒಯ್ಯಬೇಡಿ. ಇಷ್ಟು ಹೇಳುವುದಕ್ಕೇ ನಾನು ಬಂದಿದ್ದೇನೆ.

ಇರಾನಿನ ಕವಿ ಮೆಹ್ದಿ ಅಖವಾನ್ ಸಾಲೆಸ್ ಅವರ 'ಜೆಮೆಸ್ತಾನ್' ಕವಿತೆ ತಗೊಳ್ಳಿ. ಅಂದರೆ ಚಳಿಗಾಲ. 1953ರಲ್ಲಿ ಅಲ್ಲಿನ ಪ್ರಧಾನಿ ಮೊಸಾದ್ದೆಗ್ ಅವರ ಸರ್ಕಾರ ದಂಗೆಯಲ್ಲಿ ಉರುಳಿದ್ದು, ಆಮೇಲಿನ ಭಯ, ಮೌನ ಎಲ್ಲ ನಿಮಗೆ ಗೊತ್ತೇ ಇದೆ. ಅಖವಾನ್ ಕೂಡ ಜೈಲು ಕಂಡವರು. ಕವಿತೆಯಲ್ಲಿ ಇದ್ಯಾವುದರ ಹೆಸರೂ ಬರುವುದಿಲ್ಲ. ಸುಮ್ನೆ ಚಳಿ ಇದೆ. ನೀವು ಸಲಾಂ ಅಂದರೆ ಯಾರೂ ಮರಳಿ ಅನ್ನುವುದಿಲ್ಲ. ಪ್ರೀತಿಯಿಂದ ಕೈ ಚಾಚಿದರೆ ಎದುರಿನವನು ಕಂಕುಳಿಂದ ಕೈ ತೆಗೆಯಲು ಹಿಂದೆಮುಂದೆ ನೋಡುತ್ತಾನೆ. ನಿಮ್ಮ ಉಸಿರೇ ಮಬ್ಬು ಮೋಡವಾಗಿ ಕಣ್ಣೆದುರು ಗೋಡೆಯ ಹಾಗೆ ನಿಲ್ಲುತ್ತದೆ. ನಿನ್ನ ಉಸಿರೇ ಹೀಗಾದರೆ ಗೆಳೆಯರಿಂದ ಇನ್ನೇನು ಬಯಸುತ್ತೀಯ ಅಂತ ಕವಿ ಕೇಳುತ್ತಾರೆ.

ಇಂಥ ಚಳಿಯಲ್ಲಿ ಹೆಂಡದಂಗಡಿಯ ಬಾಗಿಲು ತಟ್ಟುತ್ತಾರೆ. ಬೆಳಗಾಯ್ತು ಅನ್ನುವ ಮಾತು ಬರುತ್ತದೆ. ಅದಕ್ಕೆ ಕವಿಯ ಉತ್ತರ ಕೇಳಿ: ಮೋಸ ಹೋಗಬೇಡ, ಆಕಾಶದ ಈ ಕೆಂಪು ಬೆಳಗಿನದಲ್ಲ. ಇದು ಚಳಿ ತಿಂದ ಕಿವಿ. ಚಳಿಗಾಲ ಕೆನ್ನೆಗೆ ಬಾರಿಸಿದ ಏಟಿನ ಗುರುತು.

ಒಮ್ಮೆ ತರಗತಿಯಲ್ಲಿ ಇದನ್ನು ಓದಿದೆ. ಮುಂದಿನ ಬೆಂಚಿನ ಹುಡುಗಿ ತನಗೇ ಗೊತ್ತಿಲ್ಲದೆ ಕಿವಿ ಮುಟ್ಟಿಕೊಂಡಳು. ನಾನು ಬರೆದುಕೊಂಡು ಹೋಗಿದ್ದ ಎರಡು ಪುಟ ವಿವರಣೆ ಆಮೇಲೆ ಬೇಕೇ ಆಗಲಿಲ್ಲ. ನಾಳಿನ ಕೆಂಪಿಗೆ ಕಾದು ಕೂತ ಜನಕ್ಕೆ ಸಿಕ್ಕಿದ್ದು ಪೆಟ್ಟಿನ ಕೆಂಪು. ಇದು ನಿಮ್ಮ ಪಟ್ಟಿಯಲ್ಲಿ ಎಲ್ಲಿದೆ?

ಇನ್ನು ಇರಾನಿನ ಕವಯಿತ್ರಿ ಫರೂಗ್ ಫರ್ರೊಖ್‌ಜಾದ್. ಅವರ ಕವಿತೆ 'ಆಯೆಹಾ-ಯೆ ಜಮೀನಿ', ಭೂಮಿಯ ವಚನಗಳು. ನಮ್ಮ 'ಜಮೀನು' ಇದೇ ಮಾತು. ಅಲ್ಲಿ ಸೂರ್ಯ ತಣ್ಣಗಾಗುತ್ತಾನೆ. ಕಡಲಲ್ಲೇ ಮೀನು ಒಣಗುತ್ತದೆ. ಸತ್ತವರನ್ನು ಮಣ್ಣು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹುಟ್ಟುವ ಮಕ್ಕಳಿಗೆ ತಲೆಯೇ ಇಲ್ಲ. ಕತ್ತಲೆಯನ್ನು ಆಕೆ ಕವಿತೆಯಲ್ಲಿ ಮಾತ್ರ ಕಂಡವರು ಅಂದುಕೊಳ್ಳಬೇಡಿ. 1962ರಲ್ಲಿ ತಬ್ರೀಜ್ ಹತ್ತಿರದ ಕುಷ್ಠರೋಗಿಗಳ ವಸತಿಗೆ ಹೋಗಿ ಸಾಕ್ಷ್ಯಚಿತ್ರ ತೆಗೆದವರು. ಅದರಲ್ಲಿ ಮೇಷ್ಟ್ರು ಒಬ್ಬನನ್ನು ಹಲಗೆಯ ಹತ್ತಿರ ಕರೆದು, 'ಮನೆ' ಅನ್ನುವ ಪದ ಇಟ್ಟು ಒಂದು ವಾಕ್ಯ ಬರೆ ಅನ್ನುತ್ತಾರೆ. ಅವನು ಯೋಚಿಸುತ್ತಾ ನಿಲ್ಲುತ್ತಾನೆ. ಆಮೇಲೆ ಬರೆಯುತ್ತಾನೆ: ಮನೆ ಕಪ್ಪಗಿದೆ. ಅವನು ಇದ್ದ ಮನೆ ಅದು, ಅಲ್ವಾ?

ಸಮಯ ಆಯ್ತು ಅಂತ ಚೀಟಿ ಬಂದಿದೆ. ಕವಿ ಸೊಹ್ರಾಬ್ ಸೆಪೆಹ್ರಿ ಅವರ ಹಸಿರು, ಇನ್ನೊಬ್ಬ ಕವಿ ಶಾಮ್ಲು, ಎರಡೂ ಉಳಿದವು. ಹಸಿರಿಗೆ ಫರೂಗ್ ಅವರ ಮಾತೇ ಸಾಕು. 1964ರ 'ಮರುಹುಟ್ಟು' ಕವಿತೆಯಲ್ಲಿ ಕೈಗಳನ್ನು ತೋಟದಲ್ಲಿ ನೆಡುತ್ತೇನೆ ಅನ್ನುತ್ತಾರೆ. ಹಸಿರಾಗುತ್ತೇನೆ, ಗೊತ್ತು, ಗೊತ್ತು, ಗೊತ್ತು. ಶಾಯಿ ಮೆತ್ತಿದ ಬೆರಳುಗಳ ನಡುವೆ ಅಂಬರಗುಬ್ಬಿಗಳು ಮೊಟ್ಟೆ ಇಡುತ್ತವಂತೆ. ನಾವು ದಿನಾ ಅನ್ನುವ 'ಶಾಯಿ' ಬಂದದ್ದು ಪರ್ಷಿಯನ್ನಿನ 'ಸಿಯಾಹ್' ಇಂದ, ಅಂದರೆ ಕಪ್ಪಿನಿಂದ. ಕವಿತೆ ಶುರುವಾಗುವುದೂ 'ನನ್ನ ಇರವೆಲ್ಲ ಒಂದು ಕತ್ತಲ ವಚನ' ಅಂತಲೇ. ಎರಡು ನಿಮಿಷ ಕೊಡಿ, ಅದನ್ನು ಮೊದಲಿಂದ ಓದುತ್ತೇನೆ.