ಶಾಲೆ ಬಾಗಿಲು ತೆರೆಯುವ ಮುಂಚೆ: ಈ ವರ್ಷ ನಾನು ಮಾಡಬೇಕು ಅಂದುಕೊಂಡಿರುವುದು

ನಮಸ್ಕಾರ ಎಲ್ಲರಿಗೂ. ಟೀಚರ್‌ಗಳಿಗೆ ಹೊಸ ವರ್ಷ ಜನವರಿ 1ಕ್ಕೂ ಬರಲ್ಲ, ಯುಗಾದಿಗೂ ಬರಲ್ಲ. ಮೇ ಕೊನೆಯಲ್ಲಿ ಶಾಲೆ ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಬಿಸಿಯೂಟದ ಜೊತೆ ಒಂದು ಸಿಹಿ ಮಾಡಿಸಿ ಪ್ರಾರಂಭೋತ್ಸವ ಅಂತ ಮಾಡುತ್ತೇವಲ್ಲ, ಅವತ್ತೇ ನಮ್ಮ ಹೊಸ ವರ್ಷ. ಅದಕ್ಕಿನ್ನು ಜಾಸ್ತಿ ದಿನ ಇಲ್ಲ. ಹಾಗಾಗಿ ಈ ಸಲದ ವ್ಲಾಗ್‌ನಲ್ಲಿ ಪ್ರವಾಸ, ಅಡುಗೆ ಏನೂ ಇಲ್ಲ. ಬರೀ ನನ್ನ ಕೆಲಸದ ಮಾತು.

ಹೊಸದಾಗಿ ನೋಡುತ್ತಿರುವವರಿಗೆ ಹೇಳಿಬಿಡುತ್ತೇನೆ. ನಾನು ಪಾವಗಡ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 6ರಿಂದ 8ನೇ ತರಗತಿಗೆ ಗಣಿತ, ವಿಜ್ಞಾನ ಹೇಳಿಕೊಡುವ ಜಿಪಿಟಿ. ಅಂದರೆ ಪದವೀಧರ ಪ್ರಾಥಮಿಕ ಶಿಕ್ಷಕಿ. ಮೊಬೈಲ್‌ನಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಲ್ಲ, ಆ ಜಿಪಿಟಿ ಬೇರೆ. ಅದಕ್ಕೆ ಮಕ್ಕಳ ವಿವರವನ್ನೆಲ್ಲ ಆನ್‌ಲೈನ್‌ನಲ್ಲಿ ತುಂಬುವ ಸ್ಯಾಟ್ಸ್ ಎಂಟ್ರಿ ಇಲ್ಲ, ಮೊಟ್ಟೆ ಲೆಕ್ಕ ಬರೆಯೋದಿಲ್ಲ, ಸಮೀಕ್ಷೆ ಡ್ಯೂಟಿನೂ ಬೀಳಲ್ಲ.

ಈಗ ಕಾಣುತ್ತಿರುವುದು ನಮ್ಮ ತರಗತಿ. ರಜೆಯಲ್ಲಿ ತೆಗೆದದ್ದು. ಮಕ್ಕಳ ಮುಖ ಈ ಚಾನೆಲ್‌ನಲ್ಲಿ ಯಾವತ್ತೂ ತೋರಿಸಲ್ಲ, ಅದು ನಿಮಗೆ ಗೊತ್ತು.

ಮೊದಲು ಗುರಿ ಅಲ್ಲದ್ದನ್ನು ಹೇಳುತ್ತೇನೆ. 'ಈ ವರ್ಷ ಪಾಠ ಎಲ್ಲಾ ಬೇಗ ಮುಗಿಸಬೇಕು' ಅನ್ನೋದು ನನ್ನ ಗುರಿ ಅಲ್ಲ. ಯಾಕೆಂದರೆ ಅದು ನನ್ನ ಕೈಯಲ್ಲೇ ಇಲ್ಲ. 2025ರ ದಸರಾ ರಜೆ ನೆನಪಿದೆ ಅಲ್ವಾ? ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ನಮ್ಮನ್ನೇ ಗಣತಿದಾರರನ್ನಾಗಿ ಮಾಡಿದ್ದರು. ಕೆಲಸ ಮುಗಿಯದೆ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು. ಸಮೀಕ್ಷೆ ಬೇಡ ಅನ್ನುತ್ತಿಲ್ಲ. ಆದರೆ ಅಂಥ ಸಮಯದಲ್ಲಿ ಜೂನ್‌ನಲ್ಲಿ ಬರೆದಿಟ್ಟ ವಾರ್ಷಿಕ ಪಾಠ ಹಂಚಿಕೆ ಬರೀ ಹಾಳೆಯಾಗಿ ಉಳಿಯುತ್ತೆ. ಆಮೇಲೆ ನಾವು ಓಡುತ್ತೇವೆ, ಮಕ್ಕಳು ಓಡಲ್ಲ. ಅದಕ್ಕೇ ಈ ಸಲ ಯಾರು ಕರೆದರೂ, ಎಲ್ಲಿಗೆ ಹಾಕಿದರೂ ಒಂದು ಮಗುವಿನ ನೋಟ್‌ಬುಕ್ ತೆರೆದು 'ಆಗಿದೆ' ಅಥವಾ 'ಆಗಿಲ್ಲ' ಅಂತ ನಾನೇ ನೋಡಬಹುದಾದದ್ದನ್ನು ಮಾತ್ರ ಬರೆದುಕೊಂಡಿದ್ದೇನೆ.

ಒಂದು ಉದಾಹರಣೆ ತೋರಿಸುತ್ತೇನೆ. ಬೋರ್ಡ್ ಮೇಲೆ ನಾನೇ ಬರೆದಿದ್ದೇನೆ ನೋಡಿ. 5003ರಲ್ಲಿ 1678 ಕಳೆಯಬೇಕು. 6ನೇ ತರಗತಿಗೆ ಬಂದ ಕೆಲವು ಮಕ್ಕಳು 4675 ಅಂತ ಬರೆಯುತ್ತಾರೆ. ನಾವು ಏನು ಮಾಡುತ್ತೇವೆ? ಕೆಂಪು ಪೆನ್ನಲ್ಲಿ ತಪ್ಪು ಅಂತ ಗೀಟು ಹಾಕಿ ಮುಂದಿನ ಪುಸ್ತಕ ತೆಗೆದುಕೊಳ್ಳುತ್ತೇವೆ. ಸ್ವಲ್ಪ ನಿಂತು ನೋಡಿ. 3ರಲ್ಲಿ 8 ಹೋಗಲ್ಲ, ಸರಿ, 8ರಲ್ಲಿ 3 ತೆಗೆದರು, 5. ಸೊನ್ನೆಯಲ್ಲಿ 7 ಹೋಗಲ್ಲ, 7ನ್ನೇ ಇಳಿಸಿದರು. ಆಮೇಲೆ 6. ಕೊನೆಗೆ 5ರಲ್ಲಿ 1 ಹೋದರೆ 4. ಅಂದರೆ ಈ ಮಗು ಸುಮ್ನೆ ಏನೋ ಗೀಚಿಲ್ಲ. ದೊಡ್ಡದರಲ್ಲಿ ಸಣ್ಣದನ್ನು ಕಳೆಯಬೇಕು ಅಂತ ಯಾವತ್ತೋ ಒಂದು ನಿಯಮ ಮಾಡಿಕೊಂಡು, ಅದನ್ನು ನಿಯತ್ತಾಗಿ ನಾಲ್ಕೂ ಮನೆಗೆ ಹಾಕಿದೆ. ನಿಯಮ ತಪ್ಪು ಅಷ್ಟೆ. ಇದನ್ನು ಬಿಡಿಸದೆ 7ನೇ ತರಗತಿಯಲ್ಲಿ ಪೂರ್ಣಾಂಕ ಅಂತ ಶುರು ಮಾಡಿ, 3ರಲ್ಲಿ 8 ಕಳೆದರೆ ಮೈನಸ್ 5 ಅಂದರೆ ಆ ಮಗುವಿನ ತಲೆ ಏನಾಗಬೇಡ!

ಜೂನ್ ಮೊದಲಿಗೆ ಸೇತುಬಂಧ ಅಂತ ಮಾಡುತ್ತೇವೆ. ಹಿಂದಿನ ತರಗತಿಯ ಕಲಿಕೆ ಎಷ್ಟಿದೆ ಅಂತ ಪೂರ್ವ ಪರೀಕ್ಷೆ ಕೊಟ್ಟು, ಬಾರದ್ದನ್ನು ಹೇಳಿಕೊಟ್ಟು, ಕೊನೆಗೆ ಸಾಫಲ್ಯ ಪರೀಕ್ಷೆ. ಒಳ್ಳೆಯ ಯೋಜನೆ. ಆದರೆ ಬಹಳ ಕಡೆ ಅದು ದಾಖಲೆಗೆ ಆಗುವ ಕೆಲಸ, ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದಾಗ ತೋರಿಸಲು ಅಂಕ ತುಂಬಿದ ಒಂದು ಪಟ್ಟಿ. ಹತ್ತಕ್ಕೆ ನಾಲ್ಕು ಅಂತ ಬರೆದರೆ ನನಗೆ ಏನು ಗೊತ್ತಾಯಿತು? ಆದ್ದರಿಂದ ಈ ವರ್ಷ ಅಂಕದ ಪಕ್ಕದಲ್ಲಿ ಒಂದು ಸಾಲು ಬರೆಯುತ್ತೇನೆ: ಈ ಮಗು ಎಲ್ಲಿ ನಿಂತಿದೆ. 'ಸೊನ್ನೆ ಬಂದರೆ ದಶಕ ತರಲು ಬರಲ್ಲ', 'ಭಿನ್ನರಾಶಿ ಕೂಡುವಾಗ ಛೇದವನ್ನೂ ಕೂಡುತ್ತಾಳೆ', ಇಷ್ಟು ಸಾಕು. ಮೇಲಿನ ಕಳೆಯುವ ಲೆಕ್ಕಕ್ಕೆ ಆಟದ ನೋಟು ರೆಡಿ ಮಾಡುತ್ತಿದ್ದೇನೆ. ಸಾವಿರ ರೂಪಾಯಿಯ ಐದು ನೋಟು, ಒಂದು ರೂಪಾಯಿಯ ಮೂರು. ಅಂಗಡಿಯವನಿಗೆ 1678 ಕೊಡಬೇಕು, ಚಿಲ್ಲರೆ ಇಲ್ಲ. ಒಂದು ಸಾವಿರವನ್ನು ಹತ್ತು ನೂರು ಮಾಡಿಸು, ಒಂದು ನೂರನ್ನು ಹತ್ತು ಹತ್ತು ಮಾಡಿಸು, ಒಂದು ಹತ್ತನ್ನು ಬಿಡಿ ಮಾಡಿಸು. ಕೈಯಲ್ಲಿ 4, 9, 9, 13 ಉಳಿಯುತ್ತೆ. ಈಗ ಕೊಟ್ಟರೆ 3325. ಸಂತೆಗೆ ಹೋಗಿ ಬರುವ ಮಕ್ಕಳಿಗೆ ಚಿಲ್ಲರೆ ಮಾಡಿಸುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು, ಲೆಕ್ಕ ಊರಿನದ್ದಾಗಿರಬೇಕು. ಈಗ ಸ್ಕ್ರೀನ್ ಮೇಲೆ ಹೋಗುತ್ತಿದೆಯಲ್ಲ, ಕಣ್ಣಿಗೆ ಕಾಣುವಷ್ಟು ದೂರ ನೀಲಿ ಫಲಕ, ಅದು ತಿರುಮಣಿ ಕಡೆಯ ಸೋಲಾರ್ ಪಾರ್ಕ್. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಜಮೀನನ್ನು ರೈತರಿಂದ ಕೊಂಡಿಲ್ಲ, ಗುತ್ತಿಗೆಗೆ ಪಡೆದಿದ್ದಾರೆ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಇದನ್ನು 8ನೇ ತರಗತಿಯಲ್ಲಿ ಬೋರ್ಡ್ ಮೇಲೆ ಬರೆದೆ. ಮೊದಲ ಏರಿಕೆ 1,050, ಆಯಿತು 22,050. ಎಲ್ಲರಿಗೂ ಬಂತು. 'ಮುಂದಿನ ಸಲ?' ಅಂದೆ. 'ಮತ್ತೆ ಸಾವಿರದ ಐವತ್ತೇ ಅಲ್ವಾ ಮಿಸ್' ಅಂತ ಹಿಂದಿನ ಬೆಂಚಿನ ಹುಡುಗ. ಅವನ ಪಕ್ಕದವನು ತಟ್ಟನೆ, 'ಇಲ್ಲ ಕಣೋ, ಈಗ ಇಪ್ಪತ್ತೆರಡು ಸಾವಿರದ ಐವತ್ತರ ಮೇಲೆ ಹಾಕಬೇಕು.' 1,102 ರೂಪಾಯಿ 50 ಪೈಸೆ. ಚಕ್ರಬಡ್ಡಿ ಅನ್ನುವ ಪದವನ್ನು ನಾನಿನ್ನೂ ಬೋರ್ಡ್ ಮೇಲೆ ಬರೆದೇ ಇರಲಿಲ್ಲ. ನಮ್ಮ ಮನೆಗೆ ಎಷ್ಟು ಬರಬೇಕು ಅಂತ ಲೆಕ್ಕ ಹಾಕಿಕೊಂಡು ಹೋದವರೂ ಇದ್ದರು.

ಆದರೆ ಇಲ್ಲಿ ಒಂದು ಸೂಕ್ಷ್ಮ ಇದೆ. ಜಮೀನು ಗುತ್ತಿಗೆಗೆ ಕೊಟ್ಟವರ ಮಗ, ಅದೇ ಜಮೀನಿನಲ್ಲಿ ಮೊದಲು ಕಡಲೆಕಾಯಿ ಕೂಲಿಗೆ ಹೋಗುತ್ತಿದ್ದವರ ಮಗಳು ಒಂದೇ ಕ್ಲಾಸಿನಲ್ಲಿ ಕೂತಿರುತ್ತಾರೆ. ಒಬ್ಬರ ಮನೆಗೆ ದುಡ್ಡು ಬಂತು, ಇನ್ನೊಬ್ಬರ ಮನೆಯ ಕೂಲಿ ಹೋಯಿತು. 'ನಿಮ್ಮನೆಯದು ಎಷ್ಟು ಎಕರೆ' ಅಂತ ಟೀಚರ್ ಬಾಯಲ್ಲಿ ಬರಲೇಬಾರದು. ಲೆಕ್ಕ ಯಾವಾಗಲೂ ಒಂದು ಎಕರೆಗೆ. ಯಾರ ಎಕರೆ ಅಂತ ಇಲ್ಲ.

ವಿಜ್ಞಾನಕ್ಕೂ ವಿಷಯ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಈ ತಾಲ್ಲೂಕಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕ್ಯಾನ್ ಹಿಡಿದು ಆರ್‌ಒ ಘಟಕದ ಮುಂದೆ ನಿಲ್ಲುವುದು ಮಕ್ಕಳಿಗೆ ದಿನದ ಕೆಲಸ. ಆ ಯಂತ್ರದ ಒಳಗೆ ಏನಾಗುತ್ತೆ, ಕಾಯಿಸಿದರೆ ಫ್ಲೋರೈಡ್ ಯಾಕೆ ಹೋಗಲ್ಲ, ಹೊರಗೆ ಹರಿಯುವ ನೀರನ್ನು ಏನು ಮಾಡಬೇಕು. ಇಷ್ಟಕ್ಕೆ ಒಂದು ವಾರ ಇಟ್ಟಿದ್ದೇನೆ.

ಎನ್‌ಎಂಎಂಎಸ್, ಅಂದರೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ಬಗ್ಗೆ ಬೇಗ ಹೇಳಿಬಿಡುತ್ತೇನೆ. 8ನೇ ತರಗತಿಯಲ್ಲಿ ಪರೀಕ್ಷೆ, ಆಯ್ಕೆಯಾದರೆ 9ರಿಂದ 12ರವರೆಗೆ ವರ್ಷಕ್ಕೆ 12,000 ರೂಪಾಯಿ. ಮನೆಯ ಆದಾಯ ವರ್ಷಕ್ಕೆ ಮೂರೂವರೆ ಲಕ್ಷದ ಒಳಗಿರಬೇಕು. ಎರಡು ಪತ್ರಿಕೆ, ಒಂದೊಂದಕ್ಕೆ 90 ಪ್ರಶ್ನೆ, 90 ನಿಮಿಷ. ಅಂದರೆ ಒಂದು ಪ್ರಶ್ನೆಗೆ ಒಂದೇ ನಿಮಿಷ. ನಮ್ಮ ಮಕ್ಕಳು ಸೋಲುವುದು ಹೆಚ್ಚಾಗಿ ಈ ಒಂದು ನಿಮಿಷಕ್ಕೆ, ಗೊತ್ತಿಲ್ಲದ್ದಕ್ಕಲ್ಲ. ಹಾಗಾಗಿ ಅರ್ಜಿ ಕರೆದ ಮೇಲೆ ಸ್ಪೆಷಲ್ ಕ್ಲಾಸ್ ಅಂತ ಒದ್ದಾಡುವ ಬದಲು ಜೂನ್‌ನಿಂದಲೇ ದಿನಾ ಪ್ರಾರ್ಥನೆ ಮುಗಿದ ಮೇಲೆ ಐದು ಪ್ರಶ್ನೆ, ಐದು ನಿಮಿಷ. ಆದಾಯ ಪ್ರಮಾಣಪತ್ರ ಇಲ್ಲದವರನ್ನು ಮಳೆಗಾಲದಲ್ಲೇ ನಾಡಕಚೇರಿಗೆ ಕಳಿಸುತ್ತೇನೆ. ಕೊನೆಯ ದಿನ ಸರ್ವರ್ ಡೌನ್ ಅನ್ನೋ ಕಥೆ ಬೇಡ.

ಕೊನೆಯದು ಬರೀ ನನ್ನ ಕಲಿಕೆ. ನಾನು ತೆಲುಗು ಕಲಿಯಬೇಕು. ನನ್ನೂರು ಹಾಸನದ ಕಡೆ. ಇಲ್ಲಿ ಬಹಳ ಮಕ್ಕಳ ಮನೆ ಮಾತು ತೆಲುಗು. ಹಿಂದಿನ ಬೆಂಚಿನಲ್ಲಿ ಒಬ್ಬಳು ಗೆಳತಿಗೆ ಪಟಪಟ ಅಂತ ತೆಲುಗಿನಲ್ಲಿ ಲೆಕ್ಕ ಬಿಡಿಸಿ ಹೇಳುತ್ತಾಳೆ, ಬೋರ್ಡ್ ಹತ್ತಿರ ಕರೆದರೆ ಚಾಕ್‌ಪೀಸ್ ತಿರುಗಿಸುತ್ತಾ ನಿಲ್ಲುತ್ತಾಳೆ. ಅವಳಿಗೆ ಲೆಕ್ಕ ಬರಲ್ಲ ಅಂತ ಬರೆದರೆ ಆ ಬರಹ ಸುಳ್ಳು. 'ಕನ್ನಡ ಶಾಲೆ, ಕನ್ನಡದಲ್ಲೇ ಮಾತಾಡಬೇಕು' ಅನ್ನುವವರು ಸ್ಟಾಫ್ ರೂಮಿನಲ್ಲೂ ಇದ್ದಾರೆ. ಉತ್ತರ ಪತ್ರಿಕೆ ಕನ್ನಡದಲ್ಲೇ ಬರೆಯಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಯೋಚನೆ ಮೊದಲು ತೆಲುಗಿನಲ್ಲಿ ಬಂದರೆ ಬರಲಿ, ಅಲ್ಲಿಂದ ಕನ್ನಡಕ್ಕೆ ಕರೆದುಕೊಂಡು ಬರುವುದು ನನ್ನ ಕೆಲಸ. ಸದ್ಯಕ್ಕೆ ಅಡುಗೆ ಮಾಡುವ ಅಕ್ಕನೇ ನನ್ನ ಟೀಚರ್. ನನ್ನ ತೆಲುಗು ಕೇಳಿ ಅವರು ನಗುವುದು ನಿಂತ ದಿನ ಪಾಸ್ ಆದೆ ಅಂದುಕೊಳ್ಳುತ್ತೇನೆ.

ಬಾಗೇಪಲ್ಲಿ, ಮುಳಬಾಗಿಲು, ಬಳ್ಳಾರಿ ಕಡೆ ಪಾಠ ಮಾಡುವವರು ಯಾರಾದರೂ ನೋಡುತ್ತಿದ್ದರೆ, ನಿಮ್ಮ ಕ್ಲಾಸಿನಲ್ಲಿ ಇದನ್ನು ಹೇಗೆ ನಿಭಾಯಿಸುತ್ತೀರಿ ಅಂತ ಕೆಳಗೆ ಬರೆಯಿರಿ. ಅದರಲ್ಲೂ ಭಿನ್ನರಾಶಿಯ ಪಾಠ. ಜೂನ್ ಎರಡನೇ ವಾರದೊಳಗೆ ಬರೆದರೆ ನನಗೆ ಉಪಯೋಗ ಆಗುತ್ತೆ.